ಮುದ್ದೆ ಪಾತ್ರೆ ಹಿಡಿಯುವವರು

ಚಿಕ್ಕವೆಂಕಟಮ್ಮ ಮುದ್ದೆ ತಿರುವುವ ಹೊತ್ತಿಗೆ ಅಡುಗೆಮನೆಯೊಳಗೆ ಯಾರೂ ಹೋಗುವಂತಿರಲಿಲ್ಲ. ಬಾಗಿಲಿಗೆ ಹಳೇ ಸೀರೆಯ ಪರದೆ ಇಳಿಬಿಟ್ಟು ಒಳಗಿನಿಂದ ಒಮ್ಮೆ ಕೆಮ್ಮಿದಳೆಂದರೆ ಮುಗಿಯಿತು, ಮನೆಯವರೆಲ್ಲ ಪಡಸಾಲೆಯಲ್ಲೇ ಕಾಯಬೇಕು. ಕಣ್ಣು ಬಿದ್ದರೆ ಮುದ್ದೆ ಗಂಟಾಗುತ್ತದೆ ಎಂದು ಅವಳ ಮಾತು. ಮಗ ಮುನಿರಾಜ್ ಹುಟ್ಟಿದಾಗಿನಿಂದ ಈ ಮಾತು ಕೇಳಿಕೊಂಡೇ ಬಂದವನು, ನಂಬಿಕೊಂಡೂ ಬಂದವನು. ನಂಬದೆ ಇರಲು ಕಾರಣವಾದರೂ ಏನಿತ್ತು? ಪರದೆ ಸರಿದಾಗ ಹೊರಗೆ ಬರುತ್ತಿದ್ದ ಮುದ್ದೆಯಲ್ಲಿ ಹುಡುಕಿದರೂ ಒಂದು ಗಂಟು ಸಿಗುತ್ತಿರಲಿಲ್ಲ. ನಮ್ಮ ಕಡೆಯ ಗಂಡಸರಿಗೆ ಮುದ್ದೆ ನುಂಗುವುದು ಚೆನ್ನಾಗಿ ಗೊತ್ತು. ಅದು ತಟ್ಟೆಗೆ ಬರುವ ಮುಂಚೆ ಏನೇನಾಗುತ್ತದೆ ಎಂದು ಕೇಳಿದರೆ ಮೀಸೆ ಒರೆಸಿಕೊಳ್ಳುತ್ತಾರೆ.

ಮುನಿರಾಜನ ಹೆಂಡತಿ ಶಶಿರೇಖ ಒಂದು ದಿನ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದವಳು, ಜಗಲಿಯ ಮೇಲೆ ಕೂತಿದ್ದ ಅತ್ತೆಯ ಬಲಗಾಲಿಗೆ ನೊಣ ಮುತ್ತುತ್ತಿದ್ದುದನ್ನು ಕಂಡಳು. ಹೆಬ್ಬೆರಳ ಪಕ್ಕದಲ್ಲಿ ಬೊಬ್ಬೆ ಎದ್ದು, ಒಡೆದು, ಕೀವಾಗಿತ್ತು. ಮುದುಕಿಗೆ ಅದರ ಪರಿವೆಯೇ ಇರಲಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ಅವಳ ಪಾದಗಳಿಗೆ ಬಿಸಿಯೂ ತಿಳಿಯುತ್ತಿರಲಿಲ್ಲ, ಮುಳ್ಳೂ ತಿಳಿಯುತ್ತಿರಲಿಲ್ಲ.

"ಏನತ್ತೆ ಇದು?"

"ಅಂಡೆ ನೀರು ಬಿತ್ತು ಕಣಮ್ಮಿ."

ಶಶಿರೇಖ ಹಂಡೆಯ ಕಡೆ ತಿರುಗಿ ನೋಡಿದಳು. ಹಂಡೆ ಕೊಟ್ಟಿಗೆಯಲ್ಲಿತ್ತು, ಅದರಲ್ಲಿ ಹಸುವಿಗೆ ಬೂಸಾ ನೆನೆದಿತ್ತು. ಚಾವಣಿ ಮೇಲೆ ಸೋಲಾರ್ ಕೂರಿಸಿದ ಮೇಲೆ ಆ ಮನೆಯಲ್ಲಿ ಹಂಡೆಗೆ ಉರಿ ಹಾಕಿದವರಿಲ್ಲ.

ಬಂಗಾರಪೇಟೆಯ ಡಾಕ್ಟರು ಗಾಯ ತೊಳೆದು ಕಟ್ಟು ಕಟ್ಟಿ, ಮುನಿರಾಜನನ್ನು ಪಕ್ಕಕ್ಕೆ ಕರೆದು ಹೇಳಿದರು. "ಶುಗರ್ ಇರೋರ ಕಾಲು. ನೋವೂ ಗೊತ್ತಾಗಲ್ಲ, ಬೇಗ ಮಾಯೋದೂ ಇಲ್ಲ. ಈ ಸಲ ಬೆರಳು ಉಳೀತು. ಅದೇ ಜಾಗ ಇನ್ನೊಂದು ಸಲ ಸುಟ್ಟರೆ ಬೆರಳು ತೆಗೀಬೇಕಾಗುತ್ತೆ. ಅಲ್ಲಿಗೇ ನಿಲ್ಲುತ್ತೆ ಅಂತಲೂ ನಾನು ಹೇಳಲ್ಲ. ಅಂದ ಹಾಗೆ ಹೇಗೆ ಸುಟ್ಟುಕೊಂಡರು?"

"ಹಂಡೆ ನೀರು ಬಿತ್ತಂತೆ ಸಾರ್" ಎಂದ ಮುನಿರಾಜ್. ಅವನಿಗೆ ಆಗ ತಿಳಿದಿದ್ದು ಅಷ್ಟೇ.

ಆ ದಿನ ಊಟಕ್ಕೆ ಕೂತಾಗ ಶಶಿರೇಖ ಅತ್ತೆಗೆ ಕೇಳದ ಹಾಗೆ ಗಂಡನಿಗೆ ಹೇಳಿದಳು. "ಅಂಡೇನೂ ಇಲ್ಲ, ನೀರೂ ಇಲ್ಲ. ನಿಮ್ಮಮ್ಮ ಪಾತ್ರೆನ ಕಾಲಾಗೆ ಇಡ್ಕೊಂಡು ತಿರುವ್ತಾರೆ."

ಮುನಿರಾಜ್ ಮುರಿದ ತುತ್ತನ್ನು ಸಾರಿನಲ್ಲೇ ಬಿಟ್ಟ. "ಮುದ್ದೆನಾ? ಕಾಲಾಗಾ?"

"ಮತ್ತೆ ಇನ್ನೆಂಗೆ? ಇಟ್ಟು ಬೆಂದ್ ಮ್ಯಾಲೆ ಕೋಲಾಕಿ ತಿರುವಿದ್ರೆ ಪಾತ್ರೆನೂ ಜೊತೇಲಿ ತಿರುಗ್ತದೆ. ಗ್ಯಾಸ್ ಮೇಲೆ ನಿಲ್ತದಾ? ಕೆಳಗಿಳಿಸಿ, ಒದ್ದೆ ಬಟ್ಟೆ ಸುತ್ತಿ, ಎರಡೂ ಪಾದದಾಗೆ ಅದುಮಿಕೊಂಡು ಕೂರಬೇಕು. ನಮ್ಮಮ್ಮನೂ ಅಂಗೇ ಮಾಡ್ತಾಳೆ. ಎಲ್ರೂ ಅಂಗೇ ಮಾಡದು. ಯಾರೂ ಯೋಳಕಿಲ್ಲ, ಅಷ್ಟೆ."

ಹೇಳುವುದು ಹೇಗೆ? ಇದೇ ಮನೆಯಲ್ಲಿ ಉಣ್ಣುವ ತಟ್ಟೆಗೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಿತ್ತು. ನೆಲಕ್ಕೆ ಬಿದ್ದ ಅಗುಳನ್ನು ತುಳಿದಿದ್ದಕ್ಕೆ ಮುನಿರಾಜ್ ಚಿಕ್ಕವನಿದ್ದಾಗ ಬೆನ್ನಿಗೆ ಏಟು ತಿಂದಿದ್ದ. ಏಟು ಕೊಟ್ಟವಳು ಚಿಕ್ಕವೆಂಕಟಮ್ಮನೇ.

"ಕೋಲು ನೀನೇ ಈಸ್ಕೊಬಾರ್ದಾ?" ಎಂದ ಅವನು.

"ಕೇಳಿ ನೋಡಿ ನೀವೇ. ಕೊರಳಾಗಿರೋ ಸರ ಬೇಕಾದ್ರೂ ಬಿಚ್ಚಿ ಕೊಟ್ಟಾರು, ಕೋಲು ಕೊಡಾಕಿಲ್ಲ."

ಅದು ನಿಜ. ಮನೆಯ ಬೀಗದ ಕೈ, ಹಾಲಿನ ವ್ಯವಹಾರ, ಹಸುಗಳ ಉಸ್ತುವಾರಿ ಎಲ್ಲ ಸೊಸೆಯ ಕೈಗೆ ಬಂದಿದ್ದವು. ಮುದ್ದೆ ಕೋಲು ಮಾತ್ರ ಬಂದಿರಲಿಲ್ಲ, ಕಾಲಿಗೆ ಕಟ್ಟು ಕಟ್ಟಿದ ಮೇಲೂ. ಅದೂ ಹೋದರೆ ತಾನು ಮೂಲೆ ಸೇರಿದ ಹಾಗೆ ಎಂದು ಮುದುಕಿಯ ಎಣಿಕೆ.

ಮುನಿರಾಜನಿಗೆ ಬಂಗಾರಪೇಟೆಯ ರೈಲ್ವೆ ಗೇಟಿನ ಹತ್ತಿರ ವೆಲ್ಡಿಂಗ್ ಅಂಗಡಿಯಿತ್ತು. ಕಿಟಕಿ ಸರಳು, ಕೊಟ್ಟಿಗೆ ಗೇಟು, ನೀರಿನ ಟ್ಯಾಂಕಿಗೆ ಸ್ಟ್ಯಾಂಡು, ಇಂಥವು ಅವನ ಕೆಲಸ. ಈ ವಿದ್ಯೆ ಕಲಿತದ್ದು ಮೈಸೂರು ಮೈನ್ಸ್ ಚಿನ್ನದ ಗಣಿಯ ಒಬ್ಬ ಮುದುಕ ಫಿಟ್ಟರ್ ಹತ್ತಿರ. ಗಣಿ ಮುಚ್ಚಿದ ಮೇಲೆ ಆತ ಮನೆ ಮುಂದೆ ತಗಡಿನ ಶೆಡ್ಡು ಹಾಕಿಕೊಂಡು ಮಂಚ ಬೆಸೆಯುತ್ತಿದ್ದ. ಶಿಷ್ಯ ಏನೇ ಮಾಡಿ ತಂದು ತೋರಿಸಿದರೂ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದ. "ಪಿಡಿ ಎಂಗೇಡಾ?" ಹಿಡಿತ ಎಲ್ಲಿದೆಯೋ, ಅಂತ. ಹಿಡಿತ ತೋರಿಸಲು ಬರದಿದ್ದರೆ ಮಾಡಿದ್ದನ್ನು ಗುಜರಿಗೆ ಎಸೆಯುತ್ತಿದ್ದ.

ಮುದ್ದೆ ಪಾತ್ರೆಗೆ ಹಿಡಿತ ಎಲ್ಲಿ ಎಂದು ಮುನಿರಾಜ್ ತಲೆ ಕೆಡಿಸಿಕೊಂಡ. ಮೊದಲು ಮೂರು ಕಾಲಿನ ಮೇಲೆ ಕಬ್ಬಿಣದ ಬಳೆ ಕೂರಿಸಿದ. ಪಾತ್ರೆ ಬಳೆಯಲ್ಲಿ ಕೂತಿತೇನೋ ಸರಿ, ಆದರೆ ಕೂತಲ್ಲೇ ಗಿರ್ರನೆ ಸುತ್ತಿತು. ಆಮೇಲೆ ಬಳೆಗೆ ಬೋಲ್ಟು ಹಾಕಿ ಬಿಗಿದ. ಅಲ್ಯೂಮಿನಿಯಂ ಪಾತ್ರೆ ಹೊಟ್ಟೆ ಒಳಕ್ಕೆ ಹೋಗಿ ಸೊಟ್ಟಗಾಯಿತು. ಕೊನೆಗೆ ಅಂಗಡಿ ಮುಂದೆ ನಿಂತಿದ್ದ ಒಂದು ಹಳೇ ಸೈಕಲ್ಲಿನ ಕ್ಯಾರಿಯರ್ ನೋಡಿ ಹಣೆ ಬಡಿದುಕೊಂಡ. ಸ್ಪ್ರಿಂಗು ಎಳೆದರೆ ಎಷ್ಟು ದಪ್ಪದ ಗಂಟನ್ನಾದರೂ ಕಚ್ಚಿಕೊಳ್ಳುತ್ತದೆ, ಜಜ್ಜುವುದಿಲ್ಲ. ಪಾತ್ರೆಯ ಹೊಟ್ಟೆಯನ್ನು ಎರಡೂ ಕಡೆಯಿಂದ ತಬ್ಬಿಕೊಳ್ಳುವ ಹಾಗೆ ಎರಡು ತೋಳು ಬಗ್ಗಿಸಿ, ಅವಕ್ಕೆ ಅಂಥದೇ ಸ್ಪ್ರಿಂಗು ಹಾಕಿ, ಅಡಿಯಲ್ಲಿ ಟ್ರ್ಯಾಕ್ಟರ್ ಟಯರಿನ ತುಂಡು ಕೂರಿಸಿದ. ಚಿಕ್ಕ ಪಾತ್ರೆಗೂ ಸೈ, ದೊಡ್ಡ ಪಾತ್ರೆಗೂ ಸೈ.

ಪರೀಕ್ಷೆಗೆಂದು ಅಂಗಡಿಯಲ್ಲೇ ಸ್ಟೌವ್ ಹೊತ್ತಿಸಿ, ರಾಗಿ ಹಿಟ್ಟು ಬೇಯಿಸಿ, ತಾನೇ ಕೋಲು ಹಿಡಿದು ತಿರುವಿದ. ಪಾತ್ರೆ ಒಂದು ಕೂದಲಷ್ಟೂ ಕದಲಲಿಲ್ಲ. ಮುದ್ದೆ ಮಾತ್ರ ಗಂಟು ಗಂಟಾಗಿತ್ತು. ಬೀದಿ ನಾಯಿಗೆ ಹಾಕಿದರೆ ಅದು ಮೂಸಿ ನೋಡಿ, ಇವನ ಮುಖವನ್ನೂ ಒಮ್ಮೆ ನೋಡಿ ಹೊರಟುಹೋಯಿತು. ಆದರೂ ಮುನಿರಾಜನಿಗೆ ಆ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಸಂಜೆ ಅದನ್ನು ತಂದು ತಾಯಿಯ ಮುಂದಿಟ್ಟ.

"ಇದೇನ್ಲಾ, ಇಲಿ ಬೋನಾ?"

"ಇಲ್ಲಮ್ಮ. ಮುದ್ದೆ ತಿರುವಕ್ಕೆ. ಪಾತ್ರೆನ ಇದರಾಗೆ ಮಡಗಿದ್ರೆ ಅಲ್ಲಾಡಕಿಲ್ಲ. ಇನ್ಮೇಲೆ ನೀನು ಕಾಲಾಗೆ..."

ಅಲ್ಲಿಗೆ ಬಾಯಿ ಮುಚ್ಚಿಕೊಳ್ಳಬೇಕಾಗಿತ್ತು. ಹೊತ್ತು ಮೀರಿತ್ತು.

"ಯಾರ್ಲಾ ಕಾಲಿಕ್ಕೋರು? ಅನ್ನಕ್ಕೆ ಕಾಲಿಕ್ಕಿ ಸಾಕಿದ್ನಾ ನಿನ್ನ? ಯಾರು ನಿಂಗೆ ಈ ಮಾತು ಯೋಳಿದ್ದು?" ಮುದುಕಿಯ ಕಣ್ಣಲ್ಲಿ ನೀರು ಬಂತು. ಶಶಿರೇಖ ಹಸುವಿಗೆ ಹುಲ್ಲು ಹಾಕುವ ನೆಪದಲ್ಲಿ ಕೊಟ್ಟಿಗೆಗೆ ಹೋದಳು.

ಮುನಿರಾಜ್ ಡಾಕ್ಟರ ಮಾತು ಹೇಳಿದ, ಬೆರಳಿನ ಮಾತು ಹೇಳಿದ, ಗೋಗರೆದ. ಚಿಕ್ಕವೆಂಕಟಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಸ್ವಲ್ಪ ಇಳಿದಳು. "ಇದು ನಾನೊಬ್ಳೇ ಇಕ್ಕೊಂಡ್ರೆ ಜನ ಏನಂತಾರೆ? ಚಿಕ್ಕೆಂಕಟಮ್ಮ ಇಷ್ಟ್ ವರ್ಸ ಕಾಲಾಗೆ ತಿರುವಿ ಮದುವೆಮನೆ ಜನಕ್ಕೆಲ್ಲ ಉಣ್ಣಕ್ಕಿಕ್ಕಿದ್ಲು ಅಂತಾರೆ. ಊರಾಗೆ ಎಲ್ರ ಮನೇಗೂ ಬರ್ಲಿ. ಆಗ ನಾನೂ ಇಕ್ಕೋತೀನಿ. ಮಾತು ಅಂದ್ರೆ ಮಾತು."

ತಾಯಿಯ ಒಂದು ಬೆರಳು ಉಳಿಸಲು ಊರಿನ ಅಡುಗೆಮನೆಗಳನ್ನೆಲ್ಲ ಹೊಕ್ಕು ಬರಬೇಕಾಗಿ ಬಂತು. ಮುನಿರಾಜ್ ವ್ಯಾಪಾರಕ್ಕೆ ಇಳಿದದ್ದು ಹೀಗೆ. ಹಣದಾಸೆ ಇರಲಿಲ್ಲ ಎಂದಲ್ಲ, ಅದು ಆಮೇಲೆ ಬಂತು.

ಬಂಗಾರಪೇಟೆ ಬಜಾರಿನಲ್ಲಿ ಚಲಪತಿಯ ಪಾತ್ರೆ ಅಂಗಡಿ. ಇಂಚಿಂಚಿಗೂ ಸ್ಟೀಲು ನೇತಾಡುವ ಆ ಅಂಗಡಿಯಲ್ಲಿ ಚಲಪತಿ ಎತ್ತರದ ಸ್ಟೂಲಿನ ಮೇಲೆ ಕೂತು ಗಿರಾಕಿಗಳ ಮುಖ ನೋಡಿಯೇ ಏನು ಬೇಕೆಂದು ಹೇಳುತ್ತಿದ್ದ. ಮುನಿರಾಜ್ ತಾಯಿಯ ಕಾಲಿನ ಕಥೆ ಹೇಳಿ ಮುಂದಿಟ್ಟ ಸ್ಟ್ಯಾಂಡನ್ನು ತಿರುಗಿಸಿ ಮುರುಗಿಸಿ ನೋಡಿದ, ಒಂದು ಪಾತ್ರೆ ಸಿಕ್ಕಿಸಿ ಎಳೆದು ನೋಡಿದ. "ಗಟ್ಟಿಯಾಗೈತೆ ಮುನಿರಾಜಣ್ಣ. ಆದ್ರೆ ಕೇಳೋರು ಬೇಕಲ್ಲ. ಎಲ್ಲಾದ್ರೂ ಒಂದ್ಕಡೆ ಎಂಗಸ್ರಿಗೆ ತೋರ್ಸು. ಅವರು ಬಂದು ಕೇಳಿದ್ರೆ ನಾನು ಇಡ್ತೀನಿ" ಎಂದ. ಕಾಮಸಮುದ್ರದ ಮಹಿಳಾ ಸಂಘದ ಅಧ್ಯಕ್ಷೆ ಕನಕಮ್ಮ ತನ್ನ ಖಾಯಂ ಗಿರಾಕಿ ಎಂದು ಅವಳಿಗೆ ಫೋನ್ ಮಾಡಿ, ಮುನಿರಾಜ್ ಬರುತ್ತಾನೆಂದೂ ಹೇಳಿದ.

ಮುನಿರಾಜ್ ಸ್ಟ್ಯಾಂಡನ್ನು ಗೋಣಿಚೀಲದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕಾಮಸಮುದ್ರದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಏನು ಮಾತಾಡಬೇಕೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ. ಗಟ್ಟಿ ಮಾಡಿಕೊಳ್ಳದೆ ಹೋಗಿದ್ದರೆ ಚೆನ್ನಾಗಿತ್ತು.

ಸಮುದಾಯ ಭವನದಲ್ಲಿ ಹೆಂಗಸರು ಚಾಪೆಯ ಮೇಲೆ ಕಾಲು ಚಾಚಿಕೊಂಡು ಆರಾಮಾಗಿ ಕೂತಿದ್ದರು. ಸೊಸೆಯರ ಪಕ್ಕದಲ್ಲಿ ಅತ್ತೆಯರಿದ್ದರು. ಹಿಂದೆ ಕುರ್ಚಿಗಳಲ್ಲಿ ನಾಲ್ಕಾರು ಗಂಡಸರು. ಅವರ ನಡುವೆ ಇಸ್ತ್ರಿ ಅಂಗಿ ಹಾಕಿಕೊಂಡು ಕನಕಮ್ಮನ ಹೊಸ ಅಳಿಯ ಕೂತಿದ್ದ. ಮುನಿರಾಜ್ ಗಂಟಲು ಸರಿ ಮಾಡಿಕೊಂಡ.

"ಅಕ್ಕಂದಿರಾ, ಅಮ್ಮಂದಿರಾ, ನೀವೆಲ್ಲ ದಿನಾ ಮುದ್ದೆ ತಿರುವೋವಾಗ ಪಾತ್ರೆನ ಕಾಲಲ್ಲಿ ಅದುಮಿಕೊಂಡು ಎಷ್ಟು ಕಷ್ಟಪಡ್ತೀರಿ ಅಂತ ನನಗೆ ಗೊತ್ತು..."

ಗಂಡಸರು ಹೆಂಗಸರ ಕಡೆ ನೋಡಿದರು. ಹೊಸ ಅಳಿಯ ಅತ್ತೆಯ ಕಡೆ ನೋಡಿದ. ಅವನು ಆಗತಾನೇ ಅವರ ಮನೆಯಲ್ಲಿ ಎರಡು ಮುದ್ದೆ ಉಂಡು ಬಂದಿದ್ದ.

"ಕಾಲಾಗಾ? ಶಿವಶಿವಾ!" ಎಂದಳು ಒಬ್ಬಾಕೆ.

"ಮಾ ಇಂಟ್ಲೋ ಅಟ್ಲ ಚೇಯಮಪ್ಪಾ" ಎಂದು ಇನ್ನೊಬ್ಬಳು ತೆಲುಗಿನಲ್ಲಿ ಕೈ ಅಲ್ಲಾಡಿಸಿದಳು, ನಮ್ಮ ಮನೆಯಲ್ಲಿ ಹಾಗೆಲ್ಲ ಮಾಡುವುದಿಲ್ಲಪ್ಪ ಎಂದು.

"ಯಾವ್ ಊರಾಗೆ ಕಂಡ್ಯಪ್ಪ ನೀನು ಅಂಥಾ ಎಂಗಸ್ರನ್ನ? ಅನ್ನ ಅಂದ್ರೆ ದ್ಯಾವ್ರು" ಎಂದಳು ಕನಕಮ್ಮ. ಅವಳ ಮುಖ ಕೆಂಪಾಗಿತ್ತು.

ಮುನಿರಾಜ್ ಸ್ಟ್ಯಾಂಡಿಗೆ ಪಾತ್ರೆ ಸಿಕ್ಕಿಸಿ ತೋರಿಸಿದ. ಯಾರೂ ನೋಡಲಿಲ್ಲ. ಅವನು ಮಾತ್ರ ಒಂದು ವಿಷಯ ನೋಡಿದ. ಬಂದಾಗ ಚಾಪೆಯ ಮೇಲೆ ಚಾಚಿದ್ದ ಅಷ್ಟೂ ಪಾದಗಳು ಈಗ ಸೀರೆಯೊಳಕ್ಕೆ ಸೇರಿಕೊಂಡಿದ್ದವು. ಒಂದೇ ಒಂದು ಬೆರಳು ಹೊರಗೆ ಕಾಣುತ್ತಿರಲಿಲ್ಲ.

ಬಸ್‌ಸ್ಟಾಪಿನಲ್ಲಿ ಗೋಣಿಚೀಲ ಹಿಡಿದು ನಿಂತಿದ್ದಾಗ ಕನಕಮ್ಮ ಸರಸರನೆ ಬಂದಳು. ಬೈಯಲು ಬಂದಳೆಂದು ಅವನು ತಲೆ ತಗ್ಗಿಸಿದ. ಅವಳು ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದಳು. "ನಿಮ್ಮಮ್ಮಂಗೆ ಕಾಲು ಸುಟ್ಟೈತಂತೆ. ಚಲಪತಿ ಯೋಳ್ದ. ಟೂತ್‌ಪೇಸ್ಟ್ ಗೀಸ್ಟ್ ಅಚ್ಚಬ್ಯಾಡಿ. ನಾನು ಅಚ್ಚಿ ಕೆಟ್ಟೆ." ಅಷ್ಟು ಹೇಳಿ ಬಂದ ಹಾಗೇ ಹೊರಟುಹೋದಳು.

ಚಲಪತಿ ಎಲ್ಲ ಕೇಳಿ ಹೊಟ್ಟೆ ಹಿಡಿದು ನಕ್ಕ. "ನಿನ್ ಸಾಮಾನು ಚೆನ್ನಾಗೈತೆ ಮುನಿರಾಜಣ್ಣ, ನಿನ್ ಬಾಯಿ ಚೆನ್ನಾಗಿಲ್ಲ. ನೋಡಿಲ್ಲಿ, ನಾನು ತಲೆ ಏನಿನ ಬಾಚಣಿಗೆ ಮಾರ್ತೀನಿ. ಇಷ್ಟು ವರ್ಸದಾಗೆ ಒಬ್ಳೂ ನನ್ ತಲೇಗೆ ಅಂತ ಕೇಳಿಲ್ಲ. ಎಲ್ರಿಗೂ ನಾದಿನಿ ಮಗಳಿಗೇ ಬೇಕು. ನಾನೂ ಕೊಡ್ತೀನಿ, ನಾದಿನಿ ಮಗಳು ಚೆನ್ನಾಗಿದಾಳಾ ಅಂತಲೂ ಕೇಳ್ತೀನಿ. ಕಾಲು ಅನ್ನೋ ಮಾತೇ ಎತ್ತಬ್ಯಾಡ ಇನ್ಮೇಲೆ."

"ಮತ್ತೆ ಏನು ಅಂತ ಮಾರೋದು?"

"ಪಾತ್ರೆ ಅಲ್ಲಾಡದಂಗೆ ಇಡ್ಕೊಳ್ತದೆ ಅನ್ನು. ಯಾವ ಪಾತ್ರೆ, ಯಾಕೆ ಅಲ್ಲಾಡ್ತದೆ, ಅದು ಅವರವರಿಗೆ ಬಿಟ್ಟಿದ್ದು. ಈ ಕರೀ ಬಣ್ಣ ತೆಗಿ, ಬಂಗಾರದ ಬಣ್ಣ ಒಡಿ. ಮುಂದಕ್ಕೊಂದು ಲಕ್ಷ್ಮಿ ಕೂರ್ಸು. ಲಕ್ಷ್ಮಿ ಇರೋ ಸಾಮಾನ್ನ ಮನೆಗೆ ಒಯ್ದ್ರೆ ಯಾವ ಅತ್ತೆನೂ ಯಾಕೆ ಅಂತ ಕೇಳಾಕಿಲ್ಲ. ಆಮೇಲೆ ಒಂದು ಬಾಕ್ಸ್ ಮಾಡ್ಸು. ಬಾಕ್ಸ್ ಇಲ್ದೇ ಇದ್ರೆ ಅದು ಗುಜರಿ, ಬಾಕ್ಸ್ ಇದ್ರೆ ಐಟಮ್ಮು."

ಮುನಿರಾಜನಿಗೆ ಇದು ಸುತ್ತಿ ಬಳಸಿದ ದಾರಿ ಅನ್ನಿಸಿತು. ಆದರೆ ನೆಟ್ಟಗಿನ ದಾರಿಯಲ್ಲಿ ಹೋಗಿ ಏನಾಯಿತೆಂದು ಕಂಡಾಗಿತ್ತು. ಬಂಗಾರದ ಬಣ್ಣ ಹೊಡೆದ. ಅಚ್ಚು ಒತ್ತಿದ ತಗಡಿನ ಲಕ್ಷ್ಮಿಯನ್ನು ಬೆಂಗಳೂರಿನ ಚಿಕ್ಕಪೇಟೆಯಿಂದ ತರಿಸಿ ಮುಂಭಾಗಕ್ಕೆ ಕೂರಿಸಿದ. ಬಾಕ್ಸಿನ ಮೇಲೆ 'ಧಾನ್ಯಲಕ್ಷ್ಮಿ ಸ್ಟ್ಯಾಂಡ್, ಅಲ್ಲಾಡುವುದಿಲ್ಲ' ಎಂದು ಅಚ್ಚು ಹಾಕಿಸಿದ. ಆಷಾಢ ಮುಗಿದು ಶ್ರಾವಣ ಹುಟ್ಟುವ ಹೊತ್ತಿಗೆ ಚಲಪತಿಯ ಅಂಗಡಿಯ ಮುಂದೆ ಬಾಕ್ಸುಗಳು ಗೋಪುರವಾಗಿ ನಿಂತವು.

ಗೋಪುರ ಆ ವಾರವೇ ಕರಗಿತು. ಮತ್ತೆ ಕಟ್ಟಿದರು, ಮತ್ತೆ ಕರಗಿತು. ರಾಬರ್ಟ್‌ಸನ್ ಪೇಟೆಯ ಅಂಗಡಿಗಳವರು ಕೇಳಿಕೊಂಡು ಬಂದರು. ಕಾಮಸಮುದ್ರದಿಂದ ಕನಕಮ್ಮ ಸಂಘದ ಲೆಕ್ಕದಲ್ಲಿ ಒಂದು ಆಟೋ ತುಂಬ ತರಿಸಿಕೊಂಡಳು. ಕಿಟಕಿ ಸರಳಿನ ಕೆಲಸ ಬಿಟ್ಟು ಮುನಿರಾಜ್ ಪಕ್ಕದ ಶೆಡ್ಡನ್ನೂ ಬಾಡಿಗೆಗೆ ಹಿಡಿದ, ಬಣ್ಣ ಹೊಡೆಯಲು ಜನ ಇಟ್ಟ. ಒಂದೊಂದು ಬಾಕ್ಸು ಹೋದಾಗಲೂ ಅವನ ಕಣ್ಣಿಗೆ ಒಂದೊಂದು ಜೊತೆ ಪಾದಗಳು ಕಾಣುತ್ತಿದ್ದವು, ಒಣಗಿದ, ಬೊಬ್ಬೆಯಿಲ್ಲದ ಪಾದಗಳು. ಯಾರಿಗೂ ಹೇಳಿಕೊಳ್ಳುವ ಹಾಗಿರಲಿಲ್ಲ. ಒಳಗೊಳಗೇ ಬೀಗಿದ.

ತನ್ನ ಊರಿನಲ್ಲೂ ಮನೆಮನೆಗೆ ಸ್ಟ್ಯಾಂಡು ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೇನು ಎರಡು ದಿನ ಅನ್ನುವಾಗ ಚಿಕ್ಕವೆಂಕಟಮ್ಮ ತಾನಾಗಿಯೇ ಬಾಯಿಬಿಟ್ಟಳು. "ನಮಗೂ ಒಂದು ತತ್ತಾರ್ಲಾ. ಎಲ್ರ ಮನೇಲೂ ಐತೆ, ನಮ್ಮನೇಲೇ ಇಲ್ಲ."

ಮುನಿರಾಜ್ ಆ ಕ್ಷಣವೇ ಎದ್ದ. ಅಂಗಡಿಗೆ ಹೋಗಿ ಒಂದು ಸ್ಟ್ಯಾಂಡನ್ನು ತಾನೇ ಕೂತು ಮಾಡಿದ. ಸ್ಪ್ರಿಂಗು ಮುದುಕಿಯ ಕೈಗೆ ಸಲೀಸಾಗಲೆಂದು ಎರಡು ಸಲ ಬದಲಾಯಿಸಿದ, ಅಂಚುಗಳನ್ನೆಲ್ಲ ಉಜ್ಜಿ ನುಣುಪು ಮಾಡಿದ. ತಂದು ಕೊಟ್ಟಾಗ ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಅವನಿಗೆ ಆಗಲೇ ಅನುಮಾನ ಬರಬೇಕಿತ್ತು.

ಹಬ್ಬದ ದಿನ ಬೆಳಿಗ್ಗೆ ಸ್ನಾನ ಮಾಡಿ ಕೈ ಮುಗಿಯಲು ದೇವರ ಕೋಣೆಗೆ ಹೋದ. ಬಂಗಾರದ ಬಣ್ಣದ ಸ್ಟ್ಯಾಂಡು ಮಣೆಯ ಮೇಲಿತ್ತು. ಅವನು ಮುದ್ದೆ ಪಾತ್ರೆಗೆಂದು ಬಗ್ಗಿಸಿದ ತೋಳುಗಳು ಕಳಶದ ಚೊಂಬನ್ನು ತಬ್ಬಿದ್ದವು. ಕಳಶಕ್ಕೆ ತೆಂಗಿನಕಾಯಿ, ಮುಖವಾಡ, ನೆರಿಗೆ ಹಿಡಿದು ಉಡಿಸಿದ ರೇಷ್ಮೆ ಸೀರೆ, ಒಡವೆ. ಪ್ರತಿ ವರ್ಷ ಸೀರೆ ಉಡಿಸಿದ ಮೇಲೆ ಕಳಶ ಒಂದು ಕಡೆ ವಾಲುವುದು, ಹಿಂದುಗಡೆ ಅಕ್ಕಿ ಡಬ್ಬ ಒತ್ತು ಕೊಡುವುದು, ಅದು ಸರಿದು ಅಮ್ಮನವರು ಇನ್ನೇನು ಬಿದ್ದರು ಎಂದು ಎಲ್ಲರೂ ಕೂಗುವುದು ಆ ಮನೆಯ ವಾಡಿಕೆ. ಈ ವರ್ಷ ಲಕ್ಷ್ಮಿ ಕಂಬದ ಹಾಗೆ ನೆಟ್ಟಗೆ ನಿಂತಿದ್ದಳು.

ಅರಿಶಿನ ಕುಂಕುಮಕ್ಕೆ ಊರೆಲ್ಲ ಸುತ್ತಿ ಬಂದ ಶಶಿರೇಖ ಗಂಡನ ಪಕ್ಕದಲ್ಲಿ ಕೂತಳು. "ಎಲ್ರ ಮನೇಲೂ ಐತೆ" ಎಂದಳು.

"ಅಡುಗೆಮನೇಲಾ?"

"ದ್ಯಾವ್ರ ಮನೇಲಿ." ಅವಳಿಗೆ ನಗು ಬರುತ್ತಿತ್ತು. ಗಂಡನ ಮುಖ ನೋಡಿ ನುಂಗಿಕೊಂಡಳು. "ಎಲ್ರೂ ನಿಮ್ಮನ್ನ ಒಗಳ್ತಾವ್ರೆ ಕಣ್ರೀ. ಕಳಶ ಒಂಚೂರೂ ಅಲ್ಲಾಡಾಕಿಲ್ಲ ಅಂತ."

ಬಾಕ್ಸಿನ ಮೇಲೆ ಬರೆದಿದ್ದೂ ಅದನ್ನೇ. ತಪ್ಪು ಹುಡುಕುವ ಹಾಗಿರಲಿಲ್ಲ.

ಹಬ್ಬ ಕಳೆದು ಕಳಶ ಇಳಿಸಿದ ಮೇಲೆ ಮುನಿರಾಜ್ ತಾಯಿಯ ಹತ್ತಿರ ಹೋಗಿ ಕೂತ. "ಅಮ್ಮ, ಎಲ್ರ ಮನೇಗೂ ಬಂತು. ನೀನು ಮಾತು ಕೊಟ್ಟಿದ್ದೆ."

"ಇಕ್ಕೊಂಡ್ನಲ್ಲಾ. ಊರಾಗೆಲ್ಲ ನಮ್ಮನೆ ಅಮ್ಮನೋರೇ ಚೆಂದ ಕಾಣ್ತಿದ್ರಂತೆ."

"ಮುದ್ದೆಗಮ್ಮ."

ಚಿಕ್ಕವೆಂಕಟಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಮ್ಮನೋರು ಕೂತಿದ್ದ ಪೀಠದ ಮ್ಯಾಲೆ ಇಟ್ಟಿನ ಪಾತ್ರೆ ಮಡಗು ಅಂತೀಯಾ? ಬುದ್ಧಿ ನೆಟ್ಟಗೈತೇನ್ಲಾ ನಿಂಗೆ?"

"ಬ್ಯಾರೆ ತಂದ್ಕೊಡ್ತೀನಿ. ಲಕ್ಷ್ಮಿ ಇಲ್ದಿರೋದು. ಬಣ್ಣಾನೂ ಒಡಿಯಲ್ಲ."

"ಬಣ್ಣ ಒಡಿದ್ರೇನು ಬಿಟ್ರೇನು, ಆಕಾರ ಅದೇ ಅಲ್ವಾ? ನೋಡ್ದೋರು ಏನಂತಾರೆ? ಅಮ್ಮನೋರ ಪೀಠಾನ ಒಲೆ ತಾವ ಮಡಗವ್ಳೆ ಅಂತಾರೆ. ಮನೇಗೆ ಒಳ್ಳೇದಾಗಾಕಿಲ್ಲ."

ಊರಿನ ಕಾಲುಗಳನ್ನೆಲ್ಲ ಕಾಯಲು ಹೊರಟವನು ಊರಿನ ಕಳಶಗಳನ್ನೆಲ್ಲ ಗಟ್ಟಿ ಮಾಡಿ ಬಂದಿದ್ದ. ಇದ್ದ ಒಂದು ದಾರಿಯನ್ನೂ ತಾನೇ ಬಂಗಾರದ ಬಣ್ಣ ಬಳಿದು ಮುಚ್ಚಿದ್ದ. ಲಕ್ಷ್ಮಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ಬರುವುದಿಲ್ಲ, ಚಲಪತಿಯ ಮೇಲೆ ಮಾಡಿಕೊಂಡ. ಆದರೆ ಚಲಪತಿ ಗೌರಿ ಹಬ್ಬಕ್ಕೆ ಇನ್ನಷ್ಟು ಬೇಕೆಂದು ಕೇಳಿದಾಗ ಬೇಡ ಎನ್ನಲೂ ಆಗಲಿಲ್ಲ.

ಮಾರನೇ ದಿನ ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದವನಿಗೆ ಒಳಗಿನಿಂದ ಕೆಮ್ಮು ಕೇಳಿಸಿತು. ಪರದೆ ಇಳಿಯಿತು. ಶಶಿರೇಖ ಡೈರಿಗೆ ಹೋಗಿದ್ದಳು. ಪಾತ್ರೆ ನೆಲಕ್ಕಿಳಿದ ಸದ್ದು, ಆಮೇಲೆ ಕೋಲು ಪಾತ್ರೆಯ ಗೋಡೆಗೆ ಬಡಿಯುವ ಸದ್ದು. ಇಷ್ಟು ವರ್ಷ ಆ ಸದ್ದು ಕೇಳಿದರೆ ಹಸಿವಾಗುತ್ತಿತ್ತು. ಈ ದಿನ ಹಸಿವಾಗಲಿಲ್ಲ. ಚಪ್ಪಲಿ ಬಿಟ್ಟು, ಹೋಗಿ ಪರದೆ ಸರಿಸಿದ.

ಚಿಕ್ಕವೆಂಕಟಮ್ಮ ನೆಲದ ಮೇಲೆ ಕೂತಿದ್ದಳು. ಸೀರೆ ಮೊಣಕಾಲಿನವರೆಗೆ ಸರಿದಿತ್ತು. ಎರಡೂ ಪಾದಗಳ ನಡುವೆ ಹಬೆಯಾಡುವ ಪಾತ್ರೆ. ಬಲಗಾಲಿನ ಒದ್ದೆ ಬಟ್ಟೆ ಜಾರಿ, ಮಾಯ್ದು ಗುಲಾಬಿ ಬಣ್ಣವಾಗಿದ್ದ ಹೊಸ ಚರ್ಮ ಅಲ್ಯೂಮಿನಿಯಂಗೆ ಒತ್ತಿಕೊಂಡಿತ್ತು. ಅವಳಿಗೆ ಗೊತ್ತಾಗಿರಲಿಲ್ಲ.

ಮಗನನ್ನು ಕಂಡವಳೇ ಪಾದಗಳನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡು ಸೀರೆ ಇಳಿಬಿಟ್ಟಳು. ಪಾತ್ರೆ ವಾಲಿತು. ಮುನಿರಾಜ್ ಹಾರಿ ಹೋಗಿ ಮಸಿಬಟ್ಟೆಯಲ್ಲಿ ಅದನ್ನು ಹಿಡಿದುಕೊಂಡ.

"ಯಾಕ್ಲ ಬಂದೆ ಒಳಕ್ಕೆ? ಓಗು ಆಚೆ! ಮುದ್ದೆ ಗಂಟಾಗ್ತದೆ."

"ಆಗ್ಲಿ."

ಅವನು ಅವಳ ಎದುರಿಗೆ ನೆಲದ ಮೇಲೆ ಕೂತ. ಬಟ್ಟೆ ಸುತ್ತಿದ ಎರಡೂ ಕೈಯಿಂದ ಪಾತ್ರೆಯ ಕಂಠ ಹಿಡಿದು, "ತಿರುವು" ಎಂದ.

ಮುದುಕಿ ಪರದೆಯ ಕಡೆ ನೋಡಿದಳು, ಪಾತ್ರೆಯ ಕಡೆ ನೋಡಿದಳು. ಹಿಟ್ಟು ಆರಿದರೆ ಮುದ್ದೆ ಕೆಡುತ್ತದೆ ಎನ್ನುವುದೇ ಕೊನೆಗೆ ಅವಳ ಕೈಗೆ ಕೋಲು ಕೊಟ್ಟಿತು. ಒಂದು ಸುತ್ತು ತಿರುವಿದಳು. ಪಾತ್ರೆ ಅವನ ಕೈಯಲ್ಲಿ ಹೊರಳಿತು. ಇನ್ನೂ ಬಿಗಿಯಾಗಿ ಹಿಡಿದ. ಮತ್ತೆ ತಿರುವಿದಳು. ಮತ್ತೆ ಹೊರಳಿತು. ಕಬ್ಬಿಣ ಬಗ್ಗಿಸುವ ಕೈ, ಆದರೂ ಆ ಕೋಲಿನ ಮುಂದೆ ನಿಲ್ಲಲಿಲ್ಲ. ಇಷ್ಟು ಬಲ ಈ ಒಣಕಲು ತೋಳಿನಲ್ಲಿತ್ತೇ ಎಂದು ಅವನು ತಾಯಿಯನ್ನು ನೋಡಿದ. ಅವಳು ಪಾತ್ರೆಯನ್ನೇ ನೋಡುತ್ತಿದ್ದಳು.

"ಕೈಯಾಗೆ ನಿಲ್ಲಾಕಿಲ್ಲ ಕಣ್ಲಾ" ಎಂದಳು ತಗ್ಗಿದ ದನಿಯಲ್ಲಿ. "ಕಾಲಿಕ್ಕು."

ಮುನಿರಾಜ್ ಪ್ಯಾಂಟು ಮಡಚಿ, ಬಟ್ಟೆ ಒದ್ದೆ ಮಾಡಿ ಪಾದಗಳಿಗೆ ಸುತ್ತಿಕೊಂಡು, ಪಾತ್ರೆಯನ್ನು ಎರಡೂ ಕಡೆಯಿಂದ ಅದುಮಿ ಹಿಡಿದ. ಬಟ್ಟೆಯೊಳಗಿಂದ ಬಿಸಿ ಚುರ್ರೆಂದಿತು. ಅವನ ಕಾಲಿಗೆ ಎಲ್ಲವೂ ತಿಳಿಯುತ್ತಿತ್ತು.

"ಕಾಲಿನ ಇಮ್ಮಡಿ ಎತ್ತು. ಆಂ, ಅಂಗೆ. ಅಲ್ಲಾಡಬ್ಯಾಡ."

ಕೋಲು ಸುತ್ತಿತು. ಪಾತ್ರೆ ಕದಲಲಿಲ್ಲ. ಪಿಡಿ ಎಂಗೇಡಾ ಎಂದು ಕೇಳುತ್ತಿದ್ದ ಮುದುಕ ಫಿಟ್ಟರ್ ಇದ್ದಿದ್ದರೆ ಈಗ ತೋರಿಸಬಹುದಿತ್ತು. ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಚಲಪತಿ ಇರಬೇಕು, ಗೌರಿ ಹಬ್ಬದ ಮಾಲಿಗೆ. ತಾಯಿ ಮಗ ಇಬ್ಬರೂ ಅದು ಹೊಡೆದುಕೊಂಡು ಸುಮ್ಮನಾಗುವವರೆಗೆ ತಮ್ಮ ಕೆಲಸ ಬಿಡಲಿಲ್ಲ. ಮುದ್ದೆಯಲ್ಲಿ ಒಂದೂ ಗಂಟಿರಲಿಲ್ಲ.

ಅಲ್ಲಿಂದ ಮುಂದೆ ಶಶಿರೇಖ ಡೈರಿಗೆ ಹೋದ ಮೇಲೆ ಪರದೆ ಇಳಿಯುವಾಗ ಒಳಗೆ ಇಬ್ಬರಿರುತ್ತಿದ್ದರು. ಚಿಕ್ಕವೆಂಕಟಮ್ಮನ ಬೆರಳು ಉಳಿಯಿತು. ಧಾನ್ಯಲಕ್ಷ್ಮಿ ಸ್ಟ್ಯಾಂಡು ಕೋಲಾರಕ್ಕೂ ಹೋಯಿತು, ಗಡಿ ದಾಟಿ ಕುಪ್ಪಂಗೂ ಹೋಯಿತು.

ದೀಪಾವಳಿಯ ಹೊತ್ತಿಗೆ ಒಂದು ಸಂಜೆ, ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ಗಂಡನ ಪಾದದ ಒಳಬದಿಯಲ್ಲಿ ಶಶಿರೇಖ ಕೆಂಪಗೆ ಎದ್ದಿದ್ದ ಬೊಬ್ಬೆ ಕಂಡಳು. ಪಕ್ಕದಲ್ಲಿ ಕಾಮಸಮುದ್ರದಿಂದ ಸ್ಟ್ಯಾಂಡು ಕೊಳ್ಳಲು ಬಂದಿದ್ದ ಗಿರಾಕಿಗಳು ಕಾಫಿ ಕುಡಿಯುತ್ತಿದ್ದರು.

"ಏನ್ರೀ ಇದು?"

ಮುನಿರಾಜ್ ಪಾದಗಳನ್ನು ಪಂಚೆಯೊಳಕ್ಕೆ ಎಳೆದುಕೊಂಡ.

"ಅಂಡೆ ನೀರು ಬಿತ್ತು" ಎಂದ.

ಶಶಿರೇಖ ಕೊಟ್ಟಿಗೆಯ ಕಡೆ ತಿರುಗಿ, ಬೂಸಾ ನೆನೆದಿದ್ದ ಹಂಡೆಯನ್ನು ಒಮ್ಮೆ ನೋಡಿದಳು. ಆಮೇಲೆ ಒಳಗೆ ಹೋಗಿ ಅತ್ತೆಯ ಮುಲಾಮು ತಂದುಕೊಟ್ಟಳು.